ಹದಿನೈದು ಸಾವಿರದ ಪಾಲಿಸಿ

ನಮಗೆ ಗುದ್ದಿದ ಹುಡುಗನ ಕಾರ್ ಪಾಲಿಸಿ 15/30/5. ಕ್ಯಾಲಿಫೋರ್ನಿಯಾದಲ್ಲಿ ಆಗ ಕಾನೂನು ಕೇಳ್ತಿದ್ದ ಮಿನಿಮಮ್ಮೇ ಅಷ್ಟು. ಒಬ್ಬರಿಗೆ ಪೆಟ್ಟಾದ್ರೆ ಹೆಚ್ಚು ಅಂದ್ರೆ 15 ಸಾವಿರ ಡಾಲರ್, ಎಷ್ಟು ಜನಕ್ಕೆ ಪೆಟ್ಟಾಗಿದ್ರೂ ಒಂದು ಆಕ್ಸಿಡೆಂಟಿಗೆ ಒಟ್ಟು 30 ಸಾವಿರ, ಕಾರು, ಕಾಂಪೌಂಡು, ಲೈಟು ಕಂಬ ಅಂತ ಏನಾದ್ರೂ ಹಾಳಾಗಿದ್ದಕ್ಕೆ 5 ಸಾವಿರ. ಈ ನಂಬರುಗಳನ್ನ ಫಿಕ್ಸ್ ಮಾಡಿದ್ದು 1967ರಲ್ಲಿ. ಆಗ ಹದಿನೈದು ಸಾವಿರ ಅಂದ್ರೆ ಮನೆ ತಗೊಳ್ಳೋಕೆ ಹೊರಟವರಿಗೂ ದೊಡ್ಡ ಮೊತ್ತವೇ. 2023ರಲ್ಲಿ ಆಂಬುಲೆನ್ಸು, ಎಮರ್ಜೆನ್ಸಿ ರೂಮು, ಸ್ಕ್ಯಾನು ಇಷ್ಟಕ್ಕೇ ನಮಗೆ ಅದಕ್ಕಿಂತ ಜಾಸ್ತಿ ಬಿಲ್ ಬಂತು, ನನ್ನ ಹೆಂಡತಿಗೆ ಆಪರೇಷನ್ ಇನ್ನೂ ಆಗೇ ಇರ್ಲಿಲ್ಲ.

ಆಗಿದ್ದು ಇಷ್ಟು. ಸನ್ನಿವೇಲ್ ಹತ್ರ ಎಲ್ ಕಮಿನೋ ರಿಯಲ್ ರಸ್ತೆಯಲ್ಲಿ ನಾವು ಗ್ರೀನ್ ಸಿಗ್ನಲಲ್ಲಿ ನೇರ ಹೋಗ್ತಿದ್ವಿ, ಬಲಗಡೆ ಅಡ್ಡರಸ್ತೆಯಿಂದ ಒಬ್ಬ ಕೆಂಪು ಲೈಟು ದಾಟ್ಕೊಂಡು ಬಂದು ಇವಳು ಕೂತಿದ್ದ ಕಡೆಗೇ ಹೊಡೆದ. ನನಗೆ ಏನೂ ಆಗ್ಲಿಲ್ಲ. ಇವಳಿಗೆ ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ ಇದೆಯಲ್ಲ, ಅದರ ಮೇಲ್ತುದಿ, ಕೀಲು ಕೂರೋ ಜಾಗದಲ್ಲೇ ಒಡೀತು. ಪ್ಲೇಟು, ಸ್ಕ್ರೂ ಹಾಕಿದ್ರು. ಸುಮಾರು ಮೂರು ತಿಂಗಳು ಆ ಕಾಲು ನೆಲಕ್ಕೆ ಊರಬಾರದು ಅಂದ್ರು. ಪೊಲೀಸ್ ರಿಪೋರ್ಟಲ್ಲಿ ತಪ್ಪು ಪೂರ್ತಿ ಆ ಕಡೆಯವನದೇ ಅಂತ ಸ್ಪಷ್ಟವಾಗಿತ್ತು, ಅವನೂ ಅಲ್ಲಗಳೀಲಿಲ್ಲ. ಇಷ್ಟು ಕ್ಲೀನ್ ಕೇಸು ಅಂದ್ಮೇಲೆ ದುಡ್ಡಿನ ವಿಷ್ಯ ಸಲೀಸಾಗಿ ಮುಗಿಯುತ್ತೆ ಅಂತ ಯಾರಿಗಾದ್ರೂ ಅನ್ಸುತ್ತೆ. ಕಾರಿನ ವಿಷ್ಯ ಹಾಗೇ ಮುಗೀತು ಕೂಡ. ಟೋಟಲ್ ಲಾಸ್ ಅಂದ್ರು, ನಮ್ಮ ಕಂಪನಿಯೇ ಡಿಡಕ್ಟಿಬಲ್ (ನಾವೇ ಹೊರಬೇಕಾದ ಮೊದಲ ಪಾಲು) ಕಳೆದು ಚೆಕ್ ಕಳಿಸಿಬಿಡ್ತು. ತಗಡಿಗೆ ಪೆಟ್ಟಾದ್ರೆ ಇಲ್ಲಿ ವ್ಯವಸ್ಥೆ ಚೆನ್ನಾಗೇ ಕೆಲಸ ಮಾಡುತ್ತೆ.

ಹಾಸನದಲ್ಲಿ ನಮ್ಮ ಚಿಕ್ಕಪ್ಪ ವಕೀಲರು, ಮೋಟಾರ್ ಆಕ್ಸಿಡೆಂಟ್ ಕೇಸುಗಳೇ ಅವರ ಹೊಟ್ಟೆಪಾಡು. ಇವಳನ್ನ ವಿಚಾರಿಸೋಕೆ ಫೋನ್ ಮಾಡಿದವರು ಐದು ನಿಮಿಷದಲ್ಲಿ ಕೇಸಿಗೆ ಬಂದ್ರು. ಎದುರಿನವನ ಪಾಲಿಸಿ ಹದಿನೈದು ಸಾವಿರಕ್ಕೆ ನಿಲ್ಲುತ್ತೆ ಚಿಕ್ಕಪ್ಪ ಅಂದೆ.

"ಅಲ್ಲ ಕಣೋ, ಥರ್ಡ್ ಪಾರ್ಟಿ ಇನ್ಶೂರೆನ್ಸ್ ಅಂದ್ಮೇಲೆ ಅದಕ್ಕೆಂಥಾ ಲಿಮಿಟ್ಟು? ಕೋರ್ಟು ಎಷ್ಟು ಹೇಳುತ್ತೋ ಅಷ್ಟು ಕಂಪನಿ ಕಟ್ಬೇಕಪ್ಪ."

"ಇಲ್ಲಿ ಹಾಗಿಲ್ಲ. ಲಿಮಿಟ್ ದಾಟಿದ್ರೆ ಮಿಕ್ಕಿದ್ದನ್ನ ಡ್ರೈವರ್ ಹತ್ರಾನೇ ವಸೂಲಿ ಮಾಡ್ಕೋಬೇಕು."

"ಅವನ ಹತ್ರ ಏನಿದೆ?"

ಏನೂ ಇಲ್ಲ ಅಂತ ಆಮೇಲೆ ಪ್ರಮಾಣಪತ್ರ ಸಮೇತ ಗೊತ್ತಾಯ್ತು, ಅದಕ್ಕೆ ಬರ್ತೀನಿ. ಚಿಕ್ಕಪ್ಪನಿಗೆ ಆಶ್ಚರ್ಯ ಆಗಿದ್ದು ಸಹಜವೇ. ನಮ್ಮ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಥರ್ಡ್ ಪಾರ್ಟಿ ಪಾಲಿಸಿಗೆ ಸಾವು ನೋವಿನ ವಿಷ್ಯದಲ್ಲಿ ಇಂತಿಷ್ಟೇ ಅನ್ನೋ ಮಿತಿ ಇಲ್ಲ, ಆಸ್ತಿ ಹಾನಿಗೆ ಮಾತ್ರ ಸಾಮಾನ್ಯವಾಗಿ ಏಳೂವರೆ ಲಕ್ಷದ ಮಿತಿ. ನಮ್ಮಲ್ಲಿ ತಲೆನೋವು ಬೇರೆ ಥರದ್ದು. ಗುದ್ದಿದ ಗಾಡಿಗೆ ಇನ್ಶೂರೆನ್ಸೇ ಇರಲ್ಲ, ಇದ್ರೆ ಓಡಿಸ್ತಿದ್ದವನಿಗೆ ಲೈಸೆನ್ಸ್ ಇರಲ್ಲ, ಎರಡೂ ಇದ್ರೆ ಕೇಸು ವರ್ಷಗಟ್ಲೆ ಎಳೆಯುತ್ತೆ, ಲೋಕ ಅದಾಲತ್‌ಗೆ ಬಂದ್ರೆ ಚೌಕಾಸಿ. ಆದ್ರೆ ಅಲ್ಲಿ ಲೆಕ್ಕ ಶುರುವಾಗೋದು ಪೆಟ್ಟಿನಿಂದ. ಇಲ್ಲಿ ಶುರುವಾಗೋದು ಎದುರಿನವನ ಪಾಲಿಸಿಯ ಸೈಜಿನಿಂದ, ಕಾಲು ಎಷ್ಟು ಮುರಿದಿದೆ ಅನ್ನೋದು ಆಮೇಲಿನ ಮಾತು. ಈ ಒಂದು ವಿಷ್ಯ ನನ್ನ ತಲೆಗೆ ಹೋಗೋಕೆ ತಿಂಗಳುಗಳೇ ಬೇಕಾಯ್ತು, ಇಷ್ಟುದ್ದ ಬರೀತಿರೋದೂ ಅದಕ್ಕೇ.

ಲಾಯರ್ ಹಿಡಿದ್ವಿ. ಇಲ್ಲಿ ಇಂಥ ಕೇಸಿಗೆ ಮುಂಗಡ ಫೀಸ್ ಇಲ್ಲ, ಬಂದ ದುಡ್ಡಲ್ಲಿ ಪಾಲು, ಸಾಮಾನ್ಯವಾಗಿ ಮೂರರಲ್ಲಿ ಒಂದು, ಕೋರ್ಟಿಗೆ ಹೋದ್ರೆ ನೂರಕ್ಕೆ ನಲವತ್ತರವರೆಗೆ. ನಮ್ಮ ಲಾಯರ್ ವಿಯೆಟ್ನಾಂ ಮೂಲದ ಹೆಂಗಸು, ಮಾತು ಕಮ್ಮಿ, ಇಮೇಲ್‌ಗೆ ಒಂದೇ ಸಾಲಿನ ಉತ್ತರ. ಮೊದಲ ಮೀಟಿಂಗಲ್ಲೇ ಕೇಳಿದ್ದು ನನ್ನ ಪಾಲಿಸಿಯ ಡಿಕ್ಲರೇಷನ್ ಪೇಜ್, ಯಾವ ಕವರೇಜ್ ಎಷ್ಟಿದೆ ಅಂತ ಬರೆದಿರೋ ಹಾಳೆ. ಎದುರಿನವನ ತಪ್ಪಿಗೆ ನನ್ನ ಪಾಲಿಸಿ ಯಾಕೆ ಅಂತ ಅನ್ನಿಸ್ತು. ಆ ಪೇಜಲ್ಲಿ ಬೆರಳಿಟ್ಟು ತೋರಿಸಿದ್ದು ಒಂದೇ ಸಾಲು, ಅನ್‌ಇನ್ಶೂರ್ಡ್ ಮತ್ತು ಅಂಡರ್‌ಇನ್ಶೂರ್ಡ್ ಮೋಟರಿಸ್ಟ್, 100/300. ಗುದ್ದಿದವನಿಗೆ ಇನ್ಶೂರೆನ್ಸೇ ಇಲ್ಲದಿದ್ರೆ, ಅಥವಾ ಇದ್ದಿದ್ದು ಸಾಲದೇ ಹೋದ್ರೆ, ನಮ್ಮದೇ ಕಂಪನಿ ನಮಗೆ ಕೊಡೋ ಕವರೇಜ್ ಅದು. ಕೇಸ್ ಇರೋದು ಇಲ್ಲಿ ಅಂದ್ರು, ಅವನ ಹದಿನೈದು ಬರೀ ಬಾಗಿಲು.

ಆ ಬಾಗಿಲನ್ನ ಮೊದಲು ದಾಟ್ಲೇಬೇಕು. ಎದುರಿನವನ ಪಾಲಿಸಿಯ ಪೂರ್ತಿ ದುಡ್ಡು ಈಚೆ ಬಂದು, ಬಂದಿದ್ದಕ್ಕೆ ಪುರಾವೆ ಕೊಡೋವರೆಗೂ ಕ್ಯಾಲಿಫೋರ್ನಿಯಾದಲ್ಲಿ ನಿಮ್ಮ ಸ್ವಂತ ಕಂಪನಿ ಅಂಡರ್‌ಇನ್ಶೂರ್ಡ್ ಕವರೇಜಲ್ಲಿ ಒಂದು ಪೈಸೆ ಬಿಚ್ಚಬೇಕಾಗಿಲ್ಲ. ಹದಿನೈದರ ಜಾಗದಲ್ಲಿ ಹದಿನಾಲ್ಕಕ್ಕೆ ಒಪ್ಕೊಂಡ್ರೋ, ಕೆಟ್ರಿ. ಹಾಗಾಗಿ ಮೊದಲು ಎದುರಿನ ಕಂಪನಿಗೆ ಡಿಮ್ಯಾಂಡ್ ಲೆಟರ್ ಹೋಯ್ತು, ಇಷ್ಟು ದಿನದೊಳಗೆ ಪೂರ್ತಿ ಲಿಮಿಟ್ ಕೊಡಿ ಅಂತ. 2023ರಿಂದ ಇಂಥ ಗಡುವಿನ ಪತ್ರ ಲಾಯರ್ ಕಡೆಯಿಂದ ಹೋದ್ರೆ ಹೇಗಿರಬೇಕು ಅನ್ನೋದಕ್ಕೆ ಇಲ್ಲಿ ಒಂದು ಕಾನೂನೇ ಇದೆ. ಇಮೇಲ್ ಅಥವಾ ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿದ್ರೆ ಕನಿಷ್ಠ 30 ದಿನ ಟೈಮ್ ಕೊಡಬೇಕು, ಪೆಟ್ಟಿನ ವಿವರ, ಬಿಲ್ಲು, ರೆಕಾರ್ಡು ಎಲ್ಲಾ ಜೊತೆಗಿರಬೇಕು. ಈ ಪತ್ರಕ್ಕೆ ಯಾಕೆ ಅಷ್ಟು ತೂಕ ಅಂದ್ರೆ, ನ್ಯಾಯವಾದ ಡಿಮ್ಯಾಂಡ್ ಲಿಮಿಟ್ ಒಳಗಿದ್ದಾಗ ಕಂಪನಿ ಸುಮ್ಮನೆ ತಳ್ಳಿಹಾಕಿದ್ರೆ, ಆಮೇಲೆ ಜ್ಯೂರಿ ಎರಡು ಲಕ್ಷ ಅಂದ್ರೂ ಆ ಎರಡು ಲಕ್ಷ ಪೂರ್ತಿ ಕಂಪನಿ ತಲೆ ಮೇಲೆ ಬರೋ ಸಾಧ್ಯತೆ ಇರುತ್ತೆ, ಹದಿನೈದರ ಲಿಮಿಟ್ ಆಗ ಅವರನ್ನ ಕಾಪಾಡಲ್ಲ. 1950, 60ರ ದಶಕದ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ತೀರ್ಪುಗಳಿಂದ ಬಂದಿರೋ ನಿಯಮ ಅದು. ಅದಕ್ಕೇ ಮೂಳೆ ಮುರಿದ ಕೇಸಲ್ಲಿ ಸಣ್ಣ ಪಾಲಿಸಿಯ ಕಂಪನಿಗಳು ತಕರಾರು ತೆಗೆಯೋದು ಕಮ್ಮಿ. ಗಡುವು ಮುಗಿಯೋಕೆ ಮುಂಚೆನೇ ಹದಿನೈದು ಸಾವಿರ ಕೊಡ್ತೀವಿ ಅಂತ ಉತ್ತರ ಬಂತು.

ದುಡ್ಡು ತಗೊಳ್ಳೋಕೆ ಮುಂಚೆ ನಮ್ಮ ಲಾಯರ್ ಆ ಹುಡುಗನಿಂದ ಒಂದು ಪ್ರಮಾಣಪತ್ರ ಬರೆಸಿಕೊಂಡ್ರು. ಎರಡೇ ಪುಟ. ನನ್ನ ಹತ್ರ ಬೇರೆ ಯಾವ ಇನ್ಶೂರೆನ್ಸೂ ಇಲ್ಲ, ಆಕ್ಸಿಡೆಂಟ್ ಆದ ಹೊತ್ತಲ್ಲಿ ನಾನು ಯಾರ ಕೆಲಸದ ಮೇಲೂ ಹೋಗ್ತಿರ್ಲಿಲ್ಲ, ನನ್ನ ಆಸ್ತಿ ಇಷ್ಟು. ಎರಡನೇ ಸಾಲು ಮುಖ್ಯ. ಕೆಲಸದ ಮೇಲಿದ್ದಿದ್ರೆ ಅವನ ಧಣಿಯ ಪಾಲಿಸಿಗೂ ಕೈ ಹಾಕಬಹುದಿತ್ತು. ಊಟ ಡೆಲಿವರಿ ಮಾಡ್ತಿದ್ನಾ, ಆ್ಯಪ್ ಆನ್ ಇತ್ತಾ ಅಂತ ಲಾಯರ್ ಎರಡು ಮೂರು ಥರ ತಿರುಗಿಸಿ ಮುರುಗಿಸಿ ಕೇಳಿಸಿದ್ರು, ಇರ್ಲಿಲ್ಲ. ಗೋದಾಮಲ್ಲಿ ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗ್ತಿದ್ದ, ಮನೆಗೆ ಹೋಗೋದು ಕೆಲಸದ ಲೆಕ್ಕಕ್ಕೆ ಬರಲ್ಲ. ಆಸ್ತಿ ಅನ್ನೋ ಕಾಲಂ ಕೆಳಗೆ, ಗುದ್ದಿ ಗುಜರಿಗೆ ಹೋಗಿದ್ದ 2009ರ ಕೊರೊಲ್ಲಾ, ಬ್ಯಾಂಕಲ್ಲಿ ನಾಲ್ಕು ನೂರು ಚಿಲ್ಲರೆ ಡಾಲರು, ಮೂರು ಜನ ಸೇರಿ ಬಾಡಿಗೆಗಿದ್ದ ಅಪಾರ್ಟ್‌ಮೆಂಟು. ಸಹಿ ಮಕ್ಕಳ ಅಕ್ಷರದ ಥರ ಬಿಡಿ ಬಿಡಿಯಾಗಿತ್ತು.

ಅದನ್ನ ಇವಳಿಗೆ ತೋರಿಸ್ದೆ. ಅಷ್ಟು ದಿನ ಅವನ ಮೇಲೆ ನನಗಿಂತ ಜಾಸ್ತಿ ಕೋಪ ಇದ್ದಿದ್ದು ಇವಳಿಗೇ. ಓದಿ ಮುಗಿಸಿ, "ಇವನ ಮೇಲೆ ಕೇಸ್ ಹಾಕಿ ಏನು ಕಿತ್ಕೊಳ್ಳೋದು ರೀ, ನಾನು ಸ್ಕೂಲಲ್ಲಿ ದುಡಿಯೋದೇ ಇವನಿಗಿಂತ ಜಾಸ್ತಿ" ಅಂದ್ಲು. ಕಾನೂನು ಪ್ರಕಾರ ಹಾಕಬಹುದು, ಎರಡು ವರ್ಷದ ಟೈಮ್ ಇತ್ತು. ಗೆದ್ದು ಅವನ ಸಂಬಳ ಜಪ್ತಿ ಮಾಡಿಸ್ಬಹುದು, ಅವನು ದಿವಾಳಿ ಅರ್ಜಿ ಹಾಕಿದ್ರೆ ಅದೂ ಹೋಯ್ತು, ನಮ್ಮ ಕೈಲಿರೋ ಹದಿನೈದಕ್ಕೂ ಅಷ್ಟು ದಿನ ಕಾಯಬೇಕು. ರಿಲೀಸ್‌ಗೆ ಸಹಿ ಹಾಕಿದ್ವಿ, ಅಂದ್ರೆ ಇನ್ನು ಅವನನ್ನ ಏನೂ ಕೇಳಲ್ಲ ಅಂತ ಬರಕೊಟ್ಟು ಅವನನ್ನ ಬಿಟ್ವಿ. ಅವನು ಕೆಂಪು ಲೈಟು ದಾಟಿದ್ದು ಅವನ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಪಾಲಿಸಿ ಮಟ್ಟಿಗೆ ಕಾನೂನು ಕೇಳಿದ್ದನ್ನ ಅವನು ಪೂರ್ತಿ ಪಾಲಿಸಿದ್ದ. ಅರವತ್ತೇಳರ ರೇಟನ್ನ ಐವತ್ತಾರು ವರ್ಷ ಮುಟ್ಟದೇ ಇದ್ದವರು ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೋದಲ್ಲಿ ಕೂತಿರೋರು.

ಈಗ ನಮ್ಮದೇ ಕಂಪನಿಯ ಸರದಿ. ಮೊದಲ ಪಾಠ ಕಳೆಯೋ ಲೆಕ್ಕದ್ದು. 100 ಸಾವಿರದ ಅಂಡರ್‌ಇನ್ಶೂರ್ಡ್ ಕವರೇಜ್ ಇದೆ, ಎದುರಿನವನಿಂದ 15 ಬಂತು, ಹಾಗಾದ್ರೆ ಒಟ್ಟು 115 ಸಿಗಬಹುದು ಅಂತ ನಾನು ಮನಸ್ಸಲ್ಲೇ ಕೂಡಿಸಿಟ್ಟಿದ್ದೆ. ಕ್ಯಾಲಿಫೋರ್ನಿಯಾದಲ್ಲಿ ಎದುರಿನವನು ಕೊಟ್ಟಿದ್ದನ್ನ ನಿಮ್ಮ ಲಿಮಿಟಿಂದ ಕಳೀತಾರೆ, ಹಾಗಾಗಿ ನಮ್ಮ ಕಂಪನಿಯಿಂದ ಗರಿಷ್ಠ ಬರೋದು 85. ವಾಷಿಂಗ್ಟನ್ ರಾಜ್ಯದಲ್ಲಿ ಹೀಗಲ್ಲ, ಅಲ್ಲಿ ಎದುರಿನವನ ದುಡ್ಡಿನ ಮೇಲೆ ನಿಮ್ಮ ಕವರೇಜ್ ಪೂರ್ತಿ ಬಂದು ಕೂರುತ್ತೆ, ಸಿಯಾಟಲ್ ಕಡೆ ಇರೋ ನಮ್ಮೋರು ಆ ಮಟ್ಟಿಗೆ ಅದೃಷ್ಟವಂತರು. ನಮ್ಮ ನಿಯಮದ ಇನ್ನೊಂದು ಪರಿಣಾಮ ನೋಡಿ. ನೀವೂ ಮಿನಿಮಮ್ ಪಾಲಿಸಿಯೇ ತಗೊಂಡು ಅದರಲ್ಲಿ ಅಂಡರ್‌ಇನ್ಶೂರ್ಡ್ ಕವರೇಜೂ 15/30 ಇದ್ರೆ, ಗುದ್ದಿದವನದೂ 15/30 ಇದ್ರೆ, ಆ ಕವರೇಜಿಂದ ಸಿಗೋದು ಸೊನ್ನೆ. ಕಾನೂನಿನ ಕಣ್ಣಲ್ಲಿ ಅವನು ಅಂಡರ್‌ಇನ್ಶೂರ್ಡೇ ಅಲ್ಲ, ಯಾಕಂದ್ರೆ ಅವನ ಲಿಮಿಟ್ ನಿಮ್ಮದಕ್ಕಿಂತ ಕಮ್ಮಿ ಇಲ್ಲ. ಪ್ರೀಮಿಯಂ ಮಾತ್ರ ನೀವು ಆರಾರು ತಿಂಗಳಿಗೆ ಕಟ್ತಾನೇ ಬಂದಿರ್ತೀರಿ. ಗುದ್ದಿದವನಿಗೆ ಇನ್ಶೂರೆನ್ಸೇ ಇಲ್ಲದಿದ್ರೆ ಅದೇ ನಿಮಗೆ 15 ಸಾವಿರದವರೆಗೂ ಸಿಗಬಹುದಿತ್ತು. ಇದನ್ನ ಚಿಕ್ಕಪ್ಪನಿಗೆ ವಿವರಿಸೋಕೆ ಹೋಗಿ ನಾನೇ ಸುಸ್ತಾದೆ.

ಎರಡನೇ ಪಾಠ, ಆ ಕ್ಷಣದಿಂದ ನಿಮ್ಮ ಕಂಪನಿ ನಿಮ್ಮ ಎದುರುಪಾರ್ಟಿ. ಕಾರಿನ ಚೆಕ್ ಕಳಿಸುವಾಗ "ನಿಮ್ಮ ಕುಟುಂಬ ಹೇಗಿದೆ" ಅಂತ ಕೇಳಿದ್ದ ಅದೇ ಕಂಪನಿ, ಈಗ ಬೇರೆ ಡಿಪಾರ್ಟ್‌ಮೆಂಟಿನ ಬೇರೆ ಅಡ್ಜಸ್ಟರ್ (ಕ್ಲೇಮ್ ನೋಡ್ಕೊಳ್ಳೋ ನೌಕರ) ಹೆಸರಲ್ಲಿ ಇವಳ ಹಳೇ ಮೆಡಿಕಲ್ ರೆಕಾರ್ಡೆಲ್ಲಾ ತರಿಸಿಕೊಂಡ್ತು. ಮಗು ಹುಟ್ಟಿದ ಮೇಲೆ ಯಾವಾಗ್ಲೋ ಮಂಡಿನೋವು ಅಂತ ಡಾಕ್ಟರಿಗೆ ಹೇಳಿದ್ದ ಒಂದು ಸಾಲು ಸಿಕ್ತು ಅವರಿಗೆ, ಅಷ್ಟು ಸಾಕಿತ್ತು. ಸವೆತ ಮೊದಲೇ ಇತ್ತು, ಈಗಿನ ನೋವೆಲ್ಲಾ ಆಕ್ಸಿಡೆಂಟಿಂದ ಬಂದಿದ್ದಲ್ಲ ಅಂತ ಶುರು ಮಾಡಿದ್ರು. ಅವರೇ ಗೊತ್ತುಮಾಡಿದ ಡಾಕ್ಟರ್ ಹತ್ರ ಒಂದು ಪರೀಕ್ಷೆ. ಆ ಡಾಕ್ಟರು ಮಂಡಿ ಮಡಚಿಸಿ, ಕೋನ ಅಳೆದು, ಹತ್ತು ನಿಮಿಷಕ್ಕೆ ಕಳಿಸಿ, ಬಹಳ ಪುಟಗಳ ರಿಪೋರ್ಟ್ ಬರೆದಿದ್ರು. ಅವರ ಮೊದಲ ಆಫರ್ 28 ಸಾವಿರ.

ಈ ಜಗಳ ಕೋರ್ಟಿಗೆ ಹೋಗಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸ್ವಂತ ಕಂಪನಿ ಜೊತೆ ಈ ಕವರೇಜ್ ಬಗ್ಗೆ ವ್ಯಾಜ್ಯ ಬಂದ್ರೆ ಆರ್ಬಿಟ್ರೇಷನ್, ಅಂದ್ರೆ ಕೋರ್ಟಿನ ಹೊರಗೆ ಮಧ್ಯಸ್ಥರ ತೀರ್ಪು, ಒಬ್ಬರೇ ಆರ್ಬಿಟ್ರೇಟರ್, ಜ್ಯೂರಿ ಇಲ್ಲ. ಲಾಯರ್ ಅದಕ್ಕೆ ನೋಟಿಸ್ ಕೊಟ್ಟು, ಅದರ ಜೊತೆಗೇ ಹೊಸದೊಂದು ಡಿಮ್ಯಾಂಡ್ ತಯಾರಿಗೆ ಕೂತ್ರು. ನನಗೆ ಚೆನ್ನಾಗಿ ನೆನಪಿರೋದು ಆ ಭಾಗ.

ವಿಡಿಯೋ ಕಾಲಲ್ಲಿ ಲಾಯರ್ ಇವಳನ್ನ ಕೇಳಿದ್ರು, ಮೊದಲು ಮಾಡ್ತಿದ್ದು ಈಗ ಮಾಡೋಕಾಗದೇ ಇರೋದು ಹೇಳಿ ಅಂತ. ಓಟ, ಹೈಕಿಂಗ್, ಜಿಮ್, ಸ್ಕೀಯಿಂಗ್ ಅಂತ ಅವರೇ ಉದಾಹರಣೆ ಕೊಟ್ರು. ಇವಳು ಯಾವುದನ್ನೂ ಯಾವತ್ತೂ ಮಾಡಿದವಳಲ್ಲ. ಸ್ವಲ್ಪ ಹೊತ್ತು ಯೋಚ್ನೆ ಮಾಡಿ, ನೆಲಕ್ಕೆ ಕೂರೋಕಾಗಲ್ಲ ಅಂದ್ಲು. ಲಾಯರ್‌ಗೆ ಅರ್ಥ ಆಗ್ಲಿಲ್ಲ. ಯಾರು ನೆಲಕ್ಕೆ ಕೂರ್ತಾರೆ, ಯಾಕೆ ಕೂರ್ತಾರೆ? ಆಮೇಲೆ ಒಂದೊಂದೇ ಬಂತು. ಇವಳು ಪ್ರಿಸ್ಕೂಲ್ ಟೀಚರ್, ಮೂರು ವರ್ಷದ ಮಕ್ಕಳ ಜೊತೆ ದಿನಾ ಸರ್ಕಲ್ ಟೈಮಿಗೆ ಚಕ್ಕಂಬಕ್ಕಲ ಹಾಕ್ಕೊಂಡು ಕೂರಬೇಕು, ಈಗ ಒಂದು ಸ್ಟೂಲ್ ಇಟ್ಕೊಂಡು ಅವರ ತಲೆ ಮೇಲಿಂದ ಮಾತಾಡ್ತಾಳೆ. ದೇವರ ಮುಂದೆ ಕೂತು ಹೂವು ಕಟ್ಟೋಕಾಗಲ್ಲ. ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತು ರಂಗೋಲಿ ಹಾಕೋಕಾಗಲ್ಲ, ಗೌರಿ ಹಬ್ಬಕ್ಕೆ ನಿಂತುಕೊಂಡೇ ಡೈನಿಂಗ್ ಟೇಬಲ್ ಮೇಲೆ ಒಂದು ಹಲಗೆ ಇಟ್ಟು ಹಾಕಿದ್ಲು. ಊರಿಗೆ ಹೋದ್ರೆ ಪಂಕ್ತಿಯಲ್ಲಿ ಎಲೆ ಮುಂದೆ ಕೂರೋಕಾಗಲ್ಲ, ನಲವತ್ತೊಂದು ವರ್ಷದವಳು ಅಜ್ಜಿಯರ ಜೊತೆ ಟೇಬಲ್ಲಿಗೆ ಹೋಗಬೇಕು. ಲಾಯರ್ ಬರಕೊಳ್ತಾ ಹೋದ್ರು. ನಮ್ಮಮ್ಮನ ಮನೇಲೂ ನೆಲದ ಮೇಲೇ ಎಲ್ಲಾ ಅಂತ ಒಂದು ಸಲ ಹೇಳಿ ಸುಮ್ಮನಾದ್ರು.

ಚಿಕ್ಕಪ್ಪನಿಗೆ ಇದನ್ನ ಹೇಳಿದಾಗ ಅವರು ನಕ್ಕುಬಿಟ್ರು. ನಮ್ಮ ಕಡೆ ಕೋರ್ಟುಗಳಲ್ಲಿ ಕಾಲಿನ ಕೇಸಿದ್ರೆ ಡಾಕ್ಟರ್ ಸಾಕ್ಷಿಯಲ್ಲಿ ಈ ಮಾತು ಬಂದೇ ಬರುತ್ತಂತೆ, ಚಕ್ಕಂಬಕ್ಕಲ ಹಾಕೋಕೆ ಕಷ್ಟ, ಕುಕ್ಕರುಗಾಲಲ್ಲಿ ಕೂರೋಕೆ ಕಷ್ಟ, ಮೆಟ್ಟಿಲು ಹತ್ತೋಕೆ ಕಷ್ಟ. ಟೈಪಿಸ್ಟಿಗೆ ಬಾಯಿಪಾಠ ಆಗಿರೋ ಸಾಲು. ಅಲ್ಲಿ ಪರಿಹಾರಕ್ಕೆ ಒಂದು ಸೂತ್ರಾನೂ ಇದೆ. ವರ್ಷದ ಆದಾಯ, ಅಂಗವೈಕಲ್ಯದ ಶೇಕಡಾವಾರು, ವಯಸ್ಸಿಗೆ ತಕ್ಕ ಮಲ್ಟಿಪ್ಲೈಯರ್, ಮೂರನ್ನೂ ಗುಣಿಸೋದು. ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿ ಪ್ರಕಾರ ಇವಳ ವಯಸ್ಸಿಗೆ 14. ಶೇಕಡಾವಾರನ್ನೂ ಕಾಲಿನ ಲೆಕ್ಕದಲ್ಲಿ ಹಾಗೇ ಎತ್ಕೊಳ್ಳೋ ಹಾಗಿಲ್ಲ, ಆ ಮನುಷ್ಯನ ಕಸುಬಿಗೆ ಎಷ್ಟು ಹೊಡೆತ ಬಿತ್ತು ಅಂತ ನೋಡಬೇಕು ಅಂತ 2010ರ ದಶಕದ ಶುರುವಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನೆಲಕ್ಕೆ ಕೂರೋದೇ ಕೆಲಸ ಆಗಿರೋ ಟೀಚರ್‌ಗೂ ಕುರ್ಚಿಯಲ್ಲಿ ಕೂತು ಕೋಡ್ ಬರೆಯೋ ನನಗೂ ಅದೇ ಮಂಡಿ ಬೇರೆ ಬೇರೆ. ಇದರ ಮೇಲೆ ನೋವು ಸಂಕಟಕ್ಕೆ ಇಷ್ಟು, ಮಲಗಿದ್ದ ಅವಧಿಯ ಸಂಬಳ ಇಷ್ಟು, ನೋಡ್ಕೊಂಡವರ ಖರ್ಚು, ಓಡಾಟ, ಪೌಷ್ಟಿಕ ಆಹಾರ ಅಂತ ಬಿಡಿ ಬಿಡಿ ಬಾಬತ್ತು. ಪೌಷ್ಟಿಕ ಆಹಾರಕ್ಕೆ ದುಡ್ಡು ಕೊಡಿ ಅಂತ ಇಲ್ಲಿ ಕೇಳಿದ್ರೆ ಅಡ್ಜಸ್ಟರ್ ಏನಂತಾನೋ. ಮೂರು ತಿಂಗಳು ಇವಳಿಗೆ ರಾಗಿ ಗಂಜಿ, ಮೂಳೆ ಸಾರು ಅಂತ ಮಾಡಿ ಹಾಕಿದ ನಮ್ಮತ್ತೆ ಕೇಳಿದ್ರೆ ಖುಷಿ ಪಡ್ತಿದ್ರು.

ಇಲ್ಲಿ ಅಂಥ ಸೂತ್ರ ಇಲ್ಲ. ನೋವಿಗೆ ಬೆಲೆ ಜ್ಯೂರಿ ಎಷ್ಟು ಕೊಟ್ಟೀತು ಅನ್ನೋ ಅಂದಾಜಿನ ಮೇಲೆ ನಿಲ್ಲುತ್ತೆ. ಬಿಲ್ಲಿನಲ್ಲೂ ಒಂದು ತಿರುವಿದೆ. ಆಸ್ಪತ್ರೆ ನಮ್ಮ ಹೆಸರಲ್ಲಿ ಹಾಕಿದ ಒಟ್ಟು ಬಿಲ್ಲು ಒಂದು ಲಕ್ಷದ ಅರವತ್ತು ಸಾವಿರ ದಾಟಿತ್ತು, ನಮ್ಮ ಹೆಲ್ತ್ ಇನ್ಶೂರೆನ್ಸ್ ಚೌಕಾಸಿ ರೇಟಲ್ಲಿ ಕಟ್ಟಿದ್ದು 48 ಸಾವಿರ, ಮಿಕ್ಕಿದ್ದು ಗಾಳಿಯಲ್ಲಿ ಮಾಯ. ಕ್ಲೇಮಲ್ಲಿ ಕೇಳೋಕಾಗೋದು ನಿಜವಾಗಿ ಕಟ್ಟಿದ್ದನ್ನ ಮಾತ್ರ, 2011ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಹಾಗೆ ತೀರ್ಮಾನ ಮಾಡಿದೆ. ನ್ಯಾಯವಾಗೇ ಇದೆ ಅದು, ಆದ್ರೆ ಮೊದಲು ಆ ದೊಡ್ಡ ಬಿಲ್ ನೋಡಿ ಎದೆ ಒಡ್ಕೊಂಡಿದ್ದಕ್ಕೆ ಯಾರೂ ಏನೂ ಕೊಡಲ್ಲ.

ಆರ್ಬಿಟ್ರೇಷನ್ ದಿನ ಹತ್ರ ಬರ್ತಿದ್ದ ಹಾಗೆ ಆಫರ್ 45 ಆಯ್ತು, 60 ಆಯ್ತು. ಕೊನೆಗೆ 70 ಸಾವಿರಕ್ಕೆ ನಿಂತ್ರು. ನನಗೆ 85 ಪೂರ್ತಿ ಬೇಕು ಅಂತ ಹಠ ಇತ್ತು. ಆರ್ಬಿಟ್ರೇಟರ್ 85 ಕೊಟ್ರೂ ಎಕ್ಸ್‌ಪರ್ಟ್ ಡಾಕ್ಟರನ್ನ ಕರೆಸೋ ಖರ್ಚು ಕಳೆದ್ರೆ ಉಳಿಯೋದು ಇಷ್ಟೇ, ಕೊಡದೇ ಹೋದ್ರೆ ಕಮ್ಮಿ ಅಂತ ಲಾಯರ್ ಒಂದೇ ಸಾಲಲ್ಲಿ ಬರೆದ್ರು. ಇವಳು ಸಾಕು ಅಂದ್ಲು. ಕಾಲು ಇವಳದು, ಹಾಗಾಗಿ ಸಾಕಾಯ್ತು.

ಹದಿನೈದು ಮತ್ತೆ ಎಪ್ಪತ್ತು, ಒಟ್ಟು 85 ಸಾವಿರ. ಫೀಸ್ ಮೂರರಲ್ಲಿ ಒಂದು, 28,333. ರೆಕಾರ್ಡು, ಫೈಲಿಂಗು ಅಂತ ಖರ್ಚು ಎರಡೂವರೆ ಸಾವಿರ. ಆಮೇಲೆ ಬಂದವರು ಹೆಲ್ತ್ ಇನ್ಶೂರೆನ್ಸಿನವರು. ನಾವು ಕಟ್ಟಿದ 48 ಸಾವಿರ ವಾಪಸ್ ಕೊಡಿ, ನಿಮಗೆ ಬೇರೆ ಕಡೆಯಿಂದ ದುಡ್ಡು ಬಂದಿದೆಯಲ್ಲ ಅಂದ್ರು. ಇಲ್ಲಿ ಒಂದು ಸೂಕ್ಷ್ಮ ಇದೆ. ಕ್ಯಾಲಿಫೋರ್ನಿಯಾದ ಮಾಮೂಲಿ ಹೆಲ್ತ್ ಪ್ಲಾನ್ ಆದ್ರೆ, ನಿಮಗೆ ಲಾಯರ್ ಇದ್ದಾಗ ಸೆಟಲ್‌ಮೆಂಟಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕೇಳೋ ಹಾಗಿಲ್ಲ ಅಂತ ರಾಜ್ಯದ ಕಾನೂನಿದೆ. ಆದ್ರೆ ದೊಡ್ಡ ಕಂಪನಿಗಳು ತಮ್ಮದೇ ದುಡ್ಡಲ್ಲಿ ನಡೆಸೋ ಸೆಲ್ಫ್ ಫಂಡೆಡ್ ಪ್ಲಾನಿಗೆ 1974ರ ಎರಿಸಾ ಅನ್ನೋ ಫೆಡರಲ್ ಕಾನೂನು, ಅಲ್ಲಿ ರಾಜ್ಯದ ಮಿತಿ ನಡೆಯಲ್ಲ, ಪ್ಲಾನಿನ ಪುಸ್ತಕದಲ್ಲಿ ಏನು ಬರೆದಿದೆಯೋ ಅದೇ ಶಾಸನ. ಐಟಿಯಲ್ಲಿರೋ ನಮ್ಮೋರು ಬಹಳ ಜನ ಇಂಥ ಪ್ಲಾನಲ್ಲೇ ಇರೋದು, ನಂದೂ ಅದೇ. ಲಾಯರ್ ಕೂತು ಹಗ್ಗ ಜಗ್ಗಿ ಅದನ್ನ 20 ಸಾವಿರಕ್ಕೆ ಇಳಿಸಿದ್ರು, ನಿಜ ಹೇಳಬೇಕಂದ್ರೆ ಅವರು ತಗೊಂಡ ಫೀಸು ಅಲ್ಲಿಗೆ ಸಾರ್ಥಕ ಆಯ್ತು. ಎಲ್ಲಾ ಕಳೆದು ನಮ್ಮ ಕೈಗೆ ಬಂದಿದ್ದು 34 ಸಾವಿರಕ್ಕೆ ಸ್ವಲ್ಪ ಮೇಲೆ. ಮೈಗೆ ಆದ ಪೆಟ್ಟಿನ ಪರಿಹಾರ ಆದ್ದರಿಂದ ಅದರ ಮೇಲೆ ಫೆಡರಲ್ ಇನ್‌ಕಮ್ ಟ್ಯಾಕ್ಸ್ ಇಲ್ಲ, ಅದೊಂದು ಸಮಾಧಾನ. ರಜೆಯಲ್ಲಿದ್ದಾಗ ರಾಜ್ಯದ ಡಿಸೆಬಿಲಿಟಿ ಇನ್ಶೂರೆನ್ಸಿಂದ ಇವಳ ಸಂಬಳದ ಒಂದು ಭಾಗ ಬಂದಿತ್ತು, ಮಿಕ್ಕ ಭಾಗದ ನಷ್ಟ, ನಾವು ಕೈಯಿಂದ ಕಟ್ಟಿದ ಡಿಡಕ್ಟಿಬಲ್ಲು, ಅತ್ತೆಯ ಅವಸರದ ಟಿಕೆಟ್ಟು ಇದೆಲ್ಲಾ ಆ ಮೂವತ್ನಾಲ್ಕರ ಒಳಗೇ.

2025ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದ ಮಿನಿಮಮ್ 30/60/15 ಆಗಿದೆ, 2035ಕ್ಕೆ 50/100/25 ಆಗಬೇಕು. ಪ್ರೀಮಿಯಂ ಏರ್ತು ಅಂತ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಗೊಣಗಾಟ ನಡೀತಿತ್ತು, ನಾನೂ ಮೊದಲಾಗಿದ್ರೆ ಗೊಣಗ್ತಿದ್ದೆ. ಇದಕ್ಕಿಂತ ಕೆಟ್ಟ ಕಡೆಗಳೂ ಇವೆ. ಪೆನ್ಸಿಲ್ವೇನಿಯಾ ಇನ್ನೂ 15/30/5ರಲ್ಲೇ ಇದೆ, ಫ್ಲಾರಿಡಾದಲ್ಲಂತೂ ಸಾಮಾನ್ಯ ಕಾರಿಗೆ ಎದುರಿನವರ ಮೈಪೆಟ್ಟಿನ ಇನ್ಶೂರೆನ್ಸ್ ಕಡ್ಡಾಯವೇ ಇಲ್ಲ. ಹಾಗಾಗಿ ಯಾರಾದ್ರೂ ಹೊಸದಾಗಿ ಬಂದು ಕಾರ್ ತಗೊಂಡ್ರೆ ಮಾಡೆಲ್ ಯಾವುದು ಅಂತ ಕೇಳೋದು ಬಿಟ್ಟು ಪಾಲಿಸಿಯಲ್ಲಿ ಆ ಅಂಡರ್‌ಇನ್ಶೂರ್ಡ್ ಸಾಲು ಎಷ್ಟಿದೆ ಅಂತ ಕೇಳೋದು ನನಗೀಗ ಚಾಳಿ ಆಗಿದೆ, ಮಂದಿಗೆ ಬೇಜಾರು. ಲಯಬಿಲಿಟಿ, ಅಂದ್ರೆ ನಿಮ್ಮಿಂದ ಬೇರೆಯವರಿಗೆ ಆಗೋ ಹಾನಿಯ ಕವರೇಜ್, ಎಷ್ಟು ತಗೊಂಡಿದೀರೋ ಅದೂ ಅಷ್ಟಿರಲಿ. ನೀವು ನಡ್ಕೊಂಡೋ ಸೈಕಲಲ್ಲೋ ಹೋಗ್ತಿರುವಾಗ ಕಾರು ಗುದ್ದಿದ್ರೂ ಅದು ಕೆಲಸಕ್ಕೆ ಬರುತ್ತೆ. ಊರಿಂದ ಬಂದ ಅಪ್ಪ ಅಮ್ಮನ್ನ ಕಾರಲ್ಲಿ ಕೂರಿಸ್ಕೊಂಡು ಯೊಸೆಮಿಟಿಗೆ ಹೊರಟಾಗ ಅವರಿಗೂ ಅನ್ವಯ ಆಗುತ್ತೆ, ಅವರ ವಿಸಿಟರ್ ಇನ್ಶೂರೆನ್ಸ್ ಪುಸ್ತಕ ಓದಿದವರಿಗೆ ಈ ಮಾತಿನ ಬೆಲೆ ಗೊತ್ತಿರುತ್ತೆ. ಅಂಬ್ರೆಲಾ ಪಾಲಿಸಿ (ಕಾರು, ಮನೆ ಪಾಲಿಸಿಗಳ ಮೇಲಿನ ಹೆಚ್ಚುವರಿ ಪಾಲಿಸಿ) ಇದೆ, ನನಗೇನು ಅನ್ನೋರು ಅದರಲ್ಲಿ ಈ ಕವರೇಜ್ ಸೇರಿದೆಯಾ ಅಂತ ಬಾಯಿ ಬಿಟ್ಟು ಕೇಳಿ, ಎಷ್ಟೋ ಸಲ ಬೇರೆಯಾಗಿ ಹಾಕಿಸದೇ ಇದ್ರೆ ಸೇರಿರಲ್ಲ. ನಾವು ರಿನ್ಯೂವಲ್‌ನಲ್ಲಿ 250/500ಕ್ಕೆ ಏರಿಸಿದ್ವಿ, ಏರಿದ ಪ್ರೀಮಿಯಂ ನಮ್ಮನೆಯ ತಿಂಗಳ ಹೋಟೆಲ್ ಖರ್ಚಿಗಿಂತ ಕಮ್ಮಿ.

ಕಳೆದ ತಿಂಗಳು ಇವಳು ಮೂಳೆ ಡಾಕ್ಟರ್ ಹತ್ರ ಹೋಗಿದ್ಲು. ಚಳಿಗೆ ಪ್ಲೇಟಿನ ಜಾಗ ನೋಯ್ತಿದೆ, ಬೇಕಿದ್ರೆ ಪ್ಲೇಟು ಸ್ಕ್ರೂ ತೆಗೆಯಬಹುದು, ಇನ್ನು ಹದಿನೈದಿಪ್ಪತ್ತು ವರ್ಷಕ್ಕೆ ಮಂಡಿ ಸವೆದು ಬೇರೆ ಮಂಡಿ ಹಾಕಿಸಬೇಕಾಗಬಹುದು ಅಂದ್ರಂತೆ. ಎರಡೂ ರಿಲೀಸಿಗೆ ಸಹಿ ಹಾಕಿ ಆಗಿದೆ, ಮುಂದೆ ಬರೋ ಖರ್ಚೂ ಅದರಲ್ಲೇ ಸೇರ್ಕೊಂಡ ಹಾಗೆ. ಇನ್ಮೇಲೆ ಆಗೋದೆಲ್ಲಾ ನಮ್ಮ ಡಿಡಕ್ಟಿಬಲ್ ಲೆಕ್ಕಕ್ಕೆ. ಬೇಸಿಗೆ ರಜೆಗೆ ಮುಂಚೆ ಸ್ಕ್ರೂ ತೆಗೆಸೋದಾ, ಊರಿಗೆ ಹೋಗಿಬಂದ ಮೇಲಾ ಅಂತ ಇನ್ನೂ ತೀರ್ಮಾನ ಆಗಿಲ್ಲ.